ಅಜ್ಜಿಯ ಮಾತು ಎಲ್ಲಿ ಹೋಯ್ತು?



ಕಂಪ್ಯೂಟರಿನಲ್ಲಿ ಕಾಪಿ, ಪೇಸ್ಟ್ ಮಾಡುವುದು ಬಹಳ ಸುಲಭ ಎಂದು ನಾನು ತಿಳಿದಿದ್ದೆ. ಈ ಪದ್ಧತಿಯನ್ನು 1970ರ ದಶಕದಲ್ಲಿ ಅಮೆರಿಕದ ಲ್ಯಾರಿ ಟೆಸ್ಲರ್ ಮತ್ತು ಅವರ ಜೊತೆಗಾರರು ರೂಪಿಸಿದರಂತೆ. ಆದರೆ ಅದರಿಂದಲೇ ನಾನು ಒಂದು ದಿನ ಅತ್ತುಬಿಟ್ಟೆ. ಆ ಸಂಗತಿ ಹೇಳುತ್ತೇನೆ.

ನಮ್ಮೂರ ಕೆರೆ ಏರಿ ಒಡೆದಾಗ ಊರವರೆಲ್ಲ ರಾತ್ರಿಯಿಡೀ ಮಣ್ಣು ಹೊತ್ತ ಕಥೆಯನ್ನು ನಮ್ಮಜ್ಜಿ ಹೇಳುತ್ತಿದ್ದಳು. ಅವಳು ಹೇಳಿದ ಹಾಗೇ ನಮ್ಮಣ್ಣ ಟೈಪ್ ಮಾಡಿಟ್ಟಿದ್ದ. ಈಗ ಅಜ್ಜಿ ಇಲ್ಲ. ಆ ಫೈಲು ಒಂದೇ ಇರೋದು.

ಅಣ್ಣ ಸಾಲು ಸಾಲಿಗೂ ಬೇರೆ ಬೇರೆ ಬಣ್ಣ ಹಾಕಿದ್ದ. "ನೋಟ್‌ಪ್ಯಾಡಿಗೆ ಹಾಕಿದ್ರೆ ಬಣ್ಣ, ಸೈಜು ಎಲ್ಲಾ ಹೋಗಿ ಬರೀ ಅಕ್ಷರ ಉಳಿಯುತ್ತೆ" ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೆ ಮಾಡೋಣ ಎಂದು ಶಾಲೆಯ ಕಂಪ್ಯೂಟರಿನಲ್ಲಿ ಆ ಫೈಲು ತೆರೆದೆ. ಅವಸರದಲ್ಲಿ ಕಂಟ್ರೋಲ್ ಸಿ ಒತ್ತುವ ಬದಲು ಪಕ್ಕದ ಎಕ್ಸ್ ಒತ್ತಿದೆ. ಅದು ಕಾಪಿ ಅಲ್ಲ, ಕಟ್! ಗೊತ್ತಾಗದೆ ಹಳೆ ಫೈಲನ್ನು ಸೇವ್ ಮಾಡಿ ಮುಚ್ಚಿದೆ. ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿದೆ. ನೋಡಿದರೆ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಹಳೆ ಫೈಲು ತೆರೆದರೆ ಅದೂ ಖಾಲಿ.

"ಹಾಳಾಯ್ತು ಬಿಡೇ, ಮುಚ್ಚು" ಎಂದಳು ಗೆಳತಿ. ನಾನು ಅಳುತ್ತಾ ಮುಚ್ಚಲು ಹೋದೆ. "ಏ ತಡಿಯಮ್ಮ!" ಎಂದು ಮೇಷ್ಟ್ರು ಓಡಿ ಬಂದರು. ನೋಟ್‌ಪ್ಯಾಡಿನಲ್ಲೇ ಅಣ್ಣ ಬಳಸಿದ್ದ ಹಳೆ ಫಾಂಟನ್ನು ಆರಿಸಿದರು. ಅಜ್ಜಿಯ ಮಾತೆಲ್ಲ ಕನ್ನಡದಲ್ಲಿ ಹಾಗೇ ಬಂತು!

ಮೇಷ್ಟ್ರು ಕಾರಣ ಹೇಳಿದರು. ಹಳೆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಬರೆದಿರುತ್ತಾರೆ. ಫಾಂಟು ಬದಲಾದರೆ ವೇಷ ಕಳಚಿದ ಹಾಗೆ. ಯುನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ನಮ್ಮ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಇದೆ. ಇಂಗ್ಲಿಷಿನ ದೊಡ್ಡ 'ಎ'ಗೆ 65, ನಮ್ಮ 'ಅ'ಗೆ 3205. ಆದ್ದರಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕಿದರೂ 'ಅ' ಅನ್ನೋದು 'ಅ' ಆಗಿಯೇ ಇರುತ್ತದೆ.

ಆಮೇಲೆ ಮೇಷ್ಟ್ರು ಕಥೆಯನ್ನು ಯುನಿಕೋಡಿಗೆ ಬದಲಿಸಿ, ಯುಟಿಎಫ್-8 ಎಂದು ಆರಿಸಿ ಸೇವ್ ಮಾಡಿದರು. ಕೆಲವು ಒತ್ತಕ್ಷರ ತಪ್ಪಾಗಿ ಬಂದಿದ್ದವು. ಅಜ್ಜಿ ಹೇಗೆ ಹೇಳುತ್ತಿದ್ದಳು ಅಂತ ನನಗೆ ನೆನಪಿತ್ತು. ಗಟ್ಟಿಯಾಗಿ ಓದಿಕೊಂಡು ಒಂದೊಂದೇ ತಿದ್ದಿದೆ. ಆಗ ಅಜ್ಜಿಯೇ ಪಕ್ಕದಲ್ಲಿ ಕೂತ ಹಾಗಾಯ್ತು.

ಗೆಳೆಯರೇ, ಕಟ್ ಮಾಡಬೇಡಿ, ಕಾಪಿ ಮಾಡಿ. ಪೇಸ್ಟ್ ಆದದ್ದನ್ನು ನೋಡಿ ಸೇವ್ ಮಾಡಿದ ಮೇಲೆ ಹಳೆಯದನ್ನು ಮುಚ್ಚಿ. ಕನ್ನಡ ಕಾಣಲಿಲ್ಲ ಅಂತ ಕೂಡಲೇ ಅಳಿಸಬೇಡಿ, ದೊಡ್ಡವರನ್ನು ಕೇಳಿ.

ನಾನಂತೂ ಆ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದಲೂ ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ಇದೇ ಗೋಡೆಯ ಮೇಲೆ ಅದನ್ನು ಓದಿರಿ.

— 7ನೇ ತರಗತಿ ವಿದ್ಯಾರ್ಥಿನಿ