ಹಂಪೆಯ ಯಾತ್ರೆಯೂ ಒಂದು ಪುಟ್ಟ ಕ್ಯಾಮರಾವೂ

ಹೊಸಪೇಟೆಯನ್ನು ಬಿಟ್ಟು ಹಂಪೆಯ ದಾರಿ ಹಿಡಿದರೆ, ಬಂಡೆಯ ಮೇಲೆ ಬಂಡೆಯನ್ನು ಒಟ್ಟಿದಂತಿರುವ ಗುಡ್ಡಗಳು ಯಾತ್ರಿಕನನ್ನು ಎದುರುಗೊಳ್ಳುವುವು. ಕೆಲವು ವರ್ಷಗಳ ಹಿಂದೆ ನಾವು ತಂದೆಯವರೊಡನೆ ಅಲ್ಲಿಗೆ ಹೋಗಿದ್ದೆವು. ತುಂಗಭದ್ರೆಯ ದಡದಲ್ಲಿ ಕುಳಿತು ಅವರು ಮಕ್ಕಳಿಗೆ ವಿಜಯನಗರದ ಕಥೆಯನ್ನು ಹೇಳಿದರು. ನಾವು ಅದನ್ನು ವಿಡಿಯೋ ಹಿಡಿದೆವು. ಮನೆಗೆ ಬಂದು ನೋಡಲಾಗಿ ತಂದೆಯವರ ತುಟಿಗಳು ಅಲುಗುತ್ತಿದ್ದುವು. ಕೇಳಿಸಿದುದು ಗಾಳಿಯ ಭೋರೆಂಬ ಸದ್ದು ಮಾತ್ರ. ಇಂದು ತಂದೆಯವರೂ ಇಲ್ಲ, ಆ ಧ್ವನಿಯೂ ನಮ್ಮಲ್ಲಿ ಉಳಿದಿಲ್ಲ.

ಆದುದರಿಂದ ಈ ಸಲ ತಾಯಿಯವರನ್ನು ಕರೆದುಕೊಂಡು ಹೊರಡುವ ಮುನ್ನ, ನಮ್ಮ ಕೈಗೆಟುಕುವ ಬೆಲೆಯ ಪುಟ್ಟ ಕ್ಯಾಮರಾವೊಂದನ್ನು ವಿಚಾರಮಾಡಿಯೇ ಕೊಂಡೆವು. ಅಂಗಡಿಯಲ್ಲಿ ಮೊದಲು ಹೇಳುವುದು ಮೆಗಾಪಿಕ್ಸೆಲುಗಳ ಲೆಕ್ಕವನ್ನು. ವಿಡಿಯೋವಿಗೆ ಅದು ಮುಖ್ಯವಲ್ಲ. 4ಕೆ ಚಿತ್ರಕ್ಕೂ ಸುಮಾರು 83 ಲಕ್ಷ ಬಿಂದುಗಳು ಸಾಕು. ನೋಡಬೇಕಾದುದು ಬೆಳಕನ್ನು ಹಿಡಿಯುವ ಸೆನ್ಸರಿನ ಅಳತೆ. ಅಗ್ಗದ ಕ್ಯಾಮರಾಗಳಲ್ಲಿ ಅದರ ಅಗಲ ಸಾಮಾನ್ಯವಾಗಿ 6 ಮಿಲಿಮೀಟರಿನಷ್ಟು. ‘ಒಂದಿಂಚಿನದು’ ಎಂದು ಹೆಸರಾದುದರಲ್ಲಿ 13.2 ಮಿಲಿಮೀಟರು. ವಿಸ್ತೀರ್ಣದಲ್ಲಿ ಇದು ನಾಲ್ಕುಪಟ್ಟು. 2012ರಲ್ಲಿ ಸೋನಿಯವರ ಆರ್‌ಎಕ್ಸ್ 100 ಬಂದ ಮೇಲೆ ಇಂತಹ ಸೆನ್ಸರುಳ್ಳ ಜೇಬಿನ ಕ್ಯಾಮರಾಗಳು ಹಲವು ಬಂದಿವೆ. ಒಬ್ಬರು ಬಳಸಿದ ಹಳೆಯ ಮಾದರಿಯನ್ನು ಪರೀಕ್ಷಿಸಿ ಕೊಂಡರೆ ಹಣವೂ ಉಳಿಯುವುದು.

ಎರಡನೆಯದು, ಕೈಯ ನಡುಕವನ್ನು ಮಸೂರವೇ ಸರಿದೂಗಿಸುವ ಏರ್ಪಾಡು. ಮೂರನೆಯದು, ಹೊರಗಿನ ಮೈಕನ್ನು ಸೇರಿಸುವ ರಂಧ್ರ. ಇದು ಎಲ್ಲ ಪುಟ್ಟ ಕ್ಯಾಮರಾಗಳಲ್ಲಿಯೂ ಇರದು. ಕಣ್ಣಾರೆ ನೋಡಿಯೇ ಕೊಳ್ಳತಕ್ಕದ್ದು. ನಾವು ಇದಕ್ಕಾಗಿ 4ಕೆಯ ಆಸೆಯನ್ನು ಬಿಟ್ಟೆವು. ಅದರಿಂದ ನಷ್ಟವೇನೂ ಆಗಲಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ಟಿನ 4ಕೆ ಚಿತ್ರವು ಗಂಟೆಗೆ 45 ಜಿಬಿಯನ್ನು ನುಂಗುವುದು. 28 ಮೆಗಾಬಿಟ್ಟಿನ ಫುಲ್ ಎಚ್‌ಡಿಗೆ 13 ಜಿಬಿ ಸಾಕು. ಮೈಕಿಗೆ ಗಾಳಿಯನ್ನು ತಡೆಯುವ ತುಪ್ಪಳದ ಕುಲಾವಿಯೊಂದನ್ನೂ ತೊಡಿಸಿದೆವು.

ಹಂಪೆಯಲ್ಲಿ ವಿರೂಪಾಕ್ಷನ ದರ್ಶನವಾದ ಮೇಲೆ ಗುಡಿಯ ಹಿಂಬದಿಯ ಕತ್ತಲೆಕೋಣೆಗೆ ಹೋದೆವು. ಅಲ್ಲಿ ಒಂದು ಕಿಂಡಿಯಿಂದ ಬೆಳಕು ಬಂದು, ಒಂಬತ್ತು ಅಂತಸ್ತಿನ ಗೋಪುರದ ಪ್ರತಿಬಿಂಬವು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದು. ಬೆಳಕಿನ ಕಿರಣಗಳು ನೇರವಾಗಿ ಸಾಗುವುದರಿಂದ, ಶಿಖರದ ಬೆಳಕು ಕಿಂಡಿಯ ಮೂಲಕ ಕೆಳಗಿಳಿಯುತ್ತದೆ, ಬುಡದ ಬೆಳಕು ಮೇಲೇರುತ್ತದೆ.

“ಏನಪ್ಪಾ, ಅಷ್ಟು ದೊಡ್ಡ ಗೋಪುರ ಇಷ್ಟು ಸಣ್ಣ ಕಿಂಡಿಯಲ್ಲಿ ಹಿಡಿಸಿತೆ?” ಎಂದು ತಾಯಿಯವರು ಬೆರಗಾದರು. ನಮ್ಮ ಜೇಬಿನಲ್ಲಿದ್ದುದೂ ಅಂತಹದೇ ಒಂದು ಪುಟ್ಟ ಕತ್ತಲೆಕೋಣೆಯೆಂದು ಅವರಿಗೆ ತೋರಿಸಿದೆವು.

ಸಂಜೆ ಹೊಳೆಯ ದಡದಲ್ಲಿ ಅದೇ ಗಾಳಿ. ತಂದೆಯವರು ಹೇಳಿದ್ದ ಕಥೆಯನ್ನು ತಾಯಿಯವರು ತಮ್ಮ ಮಾತಿನಲ್ಲಿ ಹೇಳಿದರು. ನಡುವೆ ಎರಡು ಸಲ “ನಿಮ್ಮ ತಾತ ಹೀಗೆ ಹೇಳುತ್ತಿದ್ದರು” ಎಂದು ತಡೆದರು. ರಾತ್ರಿ ಬಿಡಾರದಲ್ಲಿ ಕೇಳಿದೆವು. ಒಂದು ಮಾತೂ ತಪ್ಪಿರಲಿಲ್ಲ.

ಯಾತ್ರೆಗೆ ಹೊರಡುವ ವಾಚಕರು ಯಾವ ಕ್ಯಾಮರಾವನ್ನಾದರೂ ಕೊಳ್ಳಲಿ; ಗಾಳಿ ಬೀಸುವ ಹೊತ್ತಿನಲ್ಲಿ ಮನೆಯ ಮಹಡಿಯ ಮೇಲೆ ಒಮ್ಮೆ ಹಿರಿಯರನ್ನು ಮಾತನಾಡಿಸಿ, ಹಿಡಿದುದನ್ನು ಕಿವಿಗೊಟ್ಟು ಕೇಳಿಯೇ ಹೊರಡುವುದು ಒಳ್ಳೆಯದು.