'ನನಗೆ ಬರುವುದಿಲ್ಲ' ಎನ್ನುವ ಮುನ್ನ

ಪೂಲ್ ಎಂದೊಡನೆ ನಿಮ್ಮಲ್ಲಿ ಹಲವರಿಗೆ ಈಜುಕೊಳ ನೆನಪಾಗಬಹುದು. ನಾನು ಹೇಳುತ್ತಿರುವುದು ಬಟ್ಟೆ ಹೊದಿಸಿದ ಮೇಜಿನ ಮೇಲೆ ಚೆಂಡುಗಳನ್ನು ಕೋಲಿನಿಂದ ಹೊಡೆದು ಆರು ಕುಳಿಗಳಿಗೆ ಬೀಳಿಸುವ ಆಟದ ಬಗ್ಗೆ. ಬಿಲಿಯರ್ಡ್ಸ್, ಸ್ನೂಕರ್‌ಗಳ ಬಳಗಕ್ಕೆ ಸೇರಿದ ಆಟವಿದು. ಪಣ ಕಟ್ಟುವವರಿಂದ ಇದಕ್ಕೆ ಕೆಟ್ಟ ಹೆಸರು ಬಂದದ್ದು ನಿಜ. ಪಣವನ್ನು ದೂರವಿಟ್ಟರೆ ಇದು ಕಣ್ಣು, ಕೈ ಮತ್ತು ತಾಳ್ಮೆಯ ಆಟ.

ನಮ್ಮ ವಸತಿ ಸಮುಚ್ಚಯದಲ್ಲಿರುವ ಮೇಜಿನಲ್ಲಿ ನನ್ನ ಮಗಳು ಎರಡು ವರ್ಷ ತಾನಾಗಿಯೇ ಆಡಿದಳು. ಮೊದಲು ಬೇಗ ಬೇಗ ಸುಧಾರಿಸಿದವಳು ಆಮೇಲೆ ಅಲ್ಲೇ ನಿಂತುಬಿಟ್ಟಳು. "ನನಗೆ ಬರೋದಿಲ್ಲ ಉಮ್ಮಾ, ಬಿಟ್ಟುಬಿಡ್ತೇನೆ" ಎಂದಳು. ತರಬೇತಿಗೆ ಕಳುಹಿಸೋಣ ಎಂದರೆ "ಆಟಕ್ಕೂ ಟ್ಯೂಷನ್ನಾ?" ಎಂದು ಮನೆಯವರು ನಕ್ಕರು. ಆದರೂ ಕಳುಹಿಸಿದೆ.

ತರಬೇತುದಾರರು ಮೊದಲ ದಿನ ಅವಳ ಆಟವನ್ನು ಸುಮ್ಮನೆ ನೋಡಿದರು. ಹೊಡೆಯುವ ಕ್ಷಣದಲ್ಲಿ ಅವಳು ತಲೆ ಎತ್ತುತ್ತಿದ್ದಳು, ಕೋಲನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಬಳಿಕ ಖಾಲಿ ಬಾಟಲಿಯೊಂದನ್ನು ಮಲಗಿಸಿ, ಅದರ ಬಾಯಿಯ ಅಂಚಿಗೆ ತಾಗದಂತೆ ಕೋಲನ್ನು ಒಳಗೆ ಹೊರಗೆ ಆಡಿಸಲು ಹೇಳಿದರು. ಎರಡು ವಾರ ಅದೇ ಅಭ್ಯಾಸ. ನಿಧಾನವಾಗಿ ಕೈ ನೇರವಾಯಿತು, ಚೆಂಡು ಅವಳ ಮಾತು ಕೇಳತೊಡಗಿತು.

ನೋಡಿ, ಅಭ್ಯಾಸವು ಸರಿಯಾದುದನ್ನು ಮಾತ್ರವಲ್ಲ, ತಪ್ಪನ್ನೂ ಗಟ್ಟಿ ಮಾಡುತ್ತದೆ. ಹೊಡೆಯುವಾಗ ನಮ್ಮ ಮೊಣಕೈ ನಮಗೆ ಕಾಣುವುದಿಲ್ಲ. ಅದನ್ನು ಕಾಣಲು ಬಲ್ಲವರ ಕಣ್ಣು ಬೇಕು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಚಿಕ್ಕಂದಿನಲ್ಲೇ ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರ ಶಿಷ್ಯರಾದರು. 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದರು. 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28. ಬಿಲಿಯರ್ಡ್ಸ್‌ನಿಂದ ಸ್ನೂಕರಿಗೆ, ಸ್ನೂಕರಿನಿಂದ ಬಿಲಿಯರ್ಡ್ಸ್‌ಗೆ ಬರುವಾಗಲೆಲ್ಲ ಅಷ್ಟು ದೊಡ್ಡ ಆಟಗಾರನೂ ಕೈಯನ್ನು ಮತ್ತೆ ಪಳಗಿಸಬೇಕು. ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಾಪುರದಲ್ಲಿ ವಿಶ್ವ ಮಹಿಳಾ ಸ್ನೂಕರ್ ಫೈನಲ್ ತಲುಪಿದಾಗ ನಲವತ್ತರ ಹತ್ತಿರವಿದ್ದರು.

ಇದನ್ನೆಲ್ಲ ಕಂಡು ನಾನೂ ನಲವತ್ತೆಂಟರಲ್ಲಿ ಕೋಲು ಹಿಡಿದೆ. "ಈ ವಯಸ್ಸಿನಲ್ಲಾ?" ಎಂದವರಿದ್ದಾರೆ. ಬಿರಿಯಾನಿಯ ದಮ್ಮು, ಹೊಲಿಗೆಯ ಕತ್ತರಿ ಯಾವುದನ್ನೂ ನಾವು ಹುಟ್ಟುತ್ತಲೇ ಕಲಿತು ಬಂದವರಲ್ಲ. ಯಾರೋ ಪಕ್ಕದಲ್ಲಿ ನಿಂತು ಕೈ ತಿದ್ದಿದ್ದರು.

ಸಹೋದರಿಯರೇ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು 'ನನಗೆ ಬರುವುದಿಲ್ಲ' ಎಂದು ಎಷ್ಟೋ ವಿಷಯಗಳನ್ನು ಕೈಬಿಡುತ್ತಾರೆ. ಅವರಿಗೆ ನಿಜಕ್ಕೂ ಬರುವುದಿಲ್ಲವೇ ಅಥವಾ ಯಾರೂ ಸರಿಯಾಗಿ ಕಲಿಸಲಿಲ್ಲವೇ? ಮಗಳು ಆ ಮಾತು ಹೇಳಿದಾಗ ಒಮ್ಮೆ ಕೇಳಿ ನೋಡಿ. ನಿಮ್ಮನ್ನೂ ಕೇಳಿಕೊಳ್ಳಿ.