ಗೆರೆ ನೇರವಿದ್ದ ಕಾಲ

1994ರಲ್ಲಿ ಸ್ರಾಸ್-ಸಿ2 ಉಪಗ್ರಹ ಶ್ರೀಹರಿಕೋಟಾದಿಂದ ಹಾರಿದಾಗ ನಾನು ಬೆಂಗಳೂರಿನಲ್ಲಿ ಭೌತವಿಜ್ಞಾನ ಓದುತ್ತಿದ್ದೆ. ಅದರಲ್ಲಿ ಗಾಮಾ ಕಿರಣ ಸ್ಫೋಟಗಳನ್ನು ಹಿಡಿಯುವ ಉಪಕರಣವಿತ್ತು. ನಮ್ಮೂರಿನ ಉಪಗ್ರಹ ಕೇಂದ್ರದಲ್ಲೇ ಮಾಡಿದ್ದೆಂದು ನಮಗೆಲ್ಲ ಹೆಮ್ಮೆ. ಸ್ಫೋಟವಾಯಿತು ಎಂದು ಅದು ಹೇಳುತ್ತಿತ್ತು. ಆಕಾಶದ ಯಾವ ಮೂಲೆಯಲ್ಲಿ ಎಂದು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಜಾಗ ತೋರಿಸಿದ್ದು ಬೆಪ್ಪೋಸ್ಯಾಕ್ಸ್, ಇಟಲಿ ಮತ್ತು ನೆದರ್ಲೆಂಡ್ಸಿನವರ ಉಪಗ್ರಹ. 1997ರ ಫೆಬ್ರುವರಿ 28ರ ಸ್ಫೋಟವಾಗಿ ಸುಮಾರು ಎಂಟು ಗಂಟೆ ಕಳೆದ ಮೇಲೆ ಎಕ್ಸ್‌ರೇ ದೂರದರ್ಶಕವನ್ನು ಆ ಕಡೆ ತಿರುಗಿಸಿದರು. ಬೆಂಕಿ ಮುಗಿದಿತ್ತು, ಕೆಂಡ ಸಿಕ್ಕಿತು. ಸಿಡಿದು ಹೊರಟ ದ್ರವ್ಯದ ಧಾರೆ ಸುತ್ತಲಿನ ಅನಿಲಕ್ಕೆ ಬಡಿದು ಬೆಳಗುವ ಬೆಳಕದು. ಹೊತ್ತು ಹತ್ತು ಪಟ್ಟಾದರೆ ಬೆಳಕು ಹೆಚ್ಚೂಕಡಿಮೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಪತ್ರಿಕೆಯಲ್ಲಿ ಬಂದ ಅಂಕಿಗಳನ್ನು ಲಾಗ್ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ ಸ್ಕೇಲ್ ಇಟ್ಟೆ. ಚುಕ್ಕೆಗಳೆಲ್ಲ ಒಂದೇ ಗೆರೆಗೆ ಬಂದು ಕೂತವು. ಪ್ರಕೃತಿ ಇಷ್ಟು ಸರಳ ಎಂದು ಆ ದಿನ ಪೂರ್ತಿ ನಂಬಿದೆ.

2004ರ ನವೆಂಬರ್ 20ರಂದು ಸ್ವಿಫ್ಟ್ ಉಪಗ್ರಹ ಮೇಲೆ ಹೋಯಿತು. ಅದು ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ಸ್ಫೋಟ ಕಂಡೊಡನೆ ತಾನೇ ತಿರುಗಿ ಒಂದೆರಡು ನಿಮಿಷದೊಳಗೆ ಎಕ್ಸ್‌ರೇ ದೂರದರ್ಶಕವನ್ನು ಗುರಿಯಿಡುತ್ತಿತ್ತು. ಅಷ್ಟರಲ್ಲಿ ನಾನು ಹೊಸಕೋಟೆಗೆ ವೀಕ್ಷಣೆಗೆ ಹೋಗುತ್ತಿದ್ದೆ. ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವ ಕಂಪ್ಯೂಟರು ಹೊಸಕೋಟೆಯಲ್ಲಿ, ನಡುವೆ ಉಪಗ್ರಹ ಸಂಪರ್ಕ. ಸ್ವಿಫ್ಟ್‌ನಿಂದ ಅಲರ್ಟ್ ಬಂದರೆ ಆ ರಾತ್ರಿ ಬೇರೆಯವರಿಗೆ ಕೊಟ್ಟ ಸಮಯದಲ್ಲಿ ಒಂದು ಗಂಟೆ ಕೇಳಿ ಪಡೆಯಬೇಕು. ಮೊದಲ ಚಿತ್ರದಲ್ಲಿ ಪಕ್ಕದ ನಕ್ಷತ್ರಕ್ಕೆ ಸಮನಾಗಿದ್ದ ಚುಕ್ಕೆ ನಾಲ್ಕನೆಯ ಚಿತ್ರಕ್ಕೆ ಮಂಕಾಗಿರುತ್ತಿತ್ತು. ಅದನ್ನು ನೋಡಲೆಂದೇ ನಿದ್ದೆಗೆಟ್ಟು ಕೂರುತ್ತಿದ್ದೆ.

ಸ್ವಿಫ್ಟ್ ಕಳಿಸಿದ ಗ್ರಾಫುಗಳು ನನ್ನ ಪೆನ್ಸಿಲ್ ಗೆರೆಯನ್ನು ಉಳಿಸಲಿಲ್ಲ. ಬೆಳಕು ಮೊದಲು ಧಡಕ್ಕನೆ ಕುಸಿಯುತ್ತದೆ. ಆಮೇಲೆ ಎಷ್ಟೋ ಹೊತ್ತು ಹೆಚ್ಚು ಇಳಿಯದೆ ನಿಲ್ಲುತ್ತದೆ. ನಡುನಡುವೆ ಭಗ್ಗೆಂದು ಏಳುತ್ತದೆ. ಸ್ಫೋಟದ ಒಳಗಿನ ಒಲೆ ಇನ್ನೂ ಉರಿಯುತ್ತಿರುತ್ತದೆ ಎಂಬುದು ಹಲವರ ವಿವರಣೆ. ನೇರ ಇಳಿಜಾರು ಶುರುವಾಗುವುದು ಅದೆಲ್ಲ ಕಳೆದ ಮೇಲೆ. ಗೆರೆ ಸುಳ್ಳಾಗಿರಲಿಲ್ಲ, ನಾವು ತಡವಾಗಿ ಹೋಗುತ್ತಿದ್ದೆವು.

2022ರ ಅಕ್ಟೋಬರ್ 9, ಸೀಗೆ ಹುಣ್ಣಿಮೆ. ಸಂಜೆ 6.47ಕ್ಕೆ ಫರ್ಮಿ ದೂರದರ್ಶಕಕ್ಕೆ ಒಂದು ಸ್ಫೋಟ ಸಿಕ್ಕಿತು. ನಾವು ಕಂಡವುಗಳಲ್ಲೆಲ್ಲ ಅತ್ಯಂತ ಪ್ರಖರವಾದದ್ದು. ಅದರ ಬೆಳಕು ಸುಮಾರು 200 ಕೋಟಿ ವರ್ಷ ನಡೆದು ಬಂದು ಭೂಮಿಯ ಅಯಾನುಗೋಳವನ್ನೇ ಕಲಕಿತು. ಸ್ವಿಫ್ಟ್ ಆ ಹೊತ್ತಿಗೆ ಆ ಕಡೆ ನೋಡುತ್ತಿರಲಿಲ್ಲ. ಅದಕ್ಕೆ ಕಂಡದ್ದು 53 ನಿಮಿಷ ಕಳೆದು. ಹಾಲುಹಾದಿಯ ಪಟ್ಟಿಗೆ ಹತ್ತಿರವಿದ್ದುದರಿಂದ ಮೊದಲು ನಮ್ಮ ಗೆಲಾಕ್ಸಿಯದೇ ಏನೋ ಎಂದುಕೊಂಡರು.

ಸ್ವಿಫ್ಟ್ ಕಳಿಸಿದ ಆ ಸ್ಫೋಟದ ಎಕ್ಸ್‌ರೇ ಗ್ರಾಫನ್ನು ಫೋನಿನಲ್ಲಿ ತೆಗೆದು ನೋಡಿದೆ. ಎಡಗಡೆ ಖಾಲಿ. ಬಲಗಡೆ, ಹೆಚ್ಚೂಕಡಿಮೆ ಸ್ಕೇಲ್ ಇಟ್ಟು ಎಳೆದಂಥ ಇಳಿಜಾರು.